ಬಾಲದ ಭಾಷೆ ಕಲಿಯಲು ನೂರೈವತ್ತು ವರ್ಷ

1914ರಲ್ಲಿ ಜರ್ಮನಿಯ ಬಾನ್ ಊರಿನ ಹತ್ತಿರ, ಒಬರ್‌ಕಾಸೆಲ್ ಅನ್ನೋ ಕಡೆ, ಕಲ್ಲು ಒಡೆಯುವ ಕೆಲಸದವರಿಗೆ ಒಂದು ಹಳೇ ಗೋರಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಕೆಲವು ಪ್ರಾಣಿಗಳ ಮೂಳೆ. ಅದರಲ್ಲಿ ಒಂದಿಷ್ಟು ಮೂಳೆಗಳು ನಾಯಿಮರಿಯದ್ದು ಅಂತ ಗೊತ್ತಾಗಿದ್ದು ದಶಕಗಳ ನಂತರ. ಸುಮಾರು 14 ಸಾವಿರ ವರ್ಷ ಹಿಂದಿನ ಮರಿ ಅದು. 2018ರಲ್ಲಿ ಲ್ಯೂಕ್ ಯಾನ್ಸೆನ್ಸ್ ಅನ್ನುವವರು (ಪಶುವೈದ್ಯರೂ ಹೌದು, ಪುರಾತತ್ವ ಓದಿದವರೂ ಹೌದು) ಮತ್ತು ಅವರ ಜೊತೆಗಾರರು ಆ ಮರಿಯ ಹಲ್ಲುಗಳನ್ನು ನೋಡಿ ಒಂದು ವಿಷಯ ಹೇಳಿದರು. ಮರಿಗೆ ಡಿಸ್ಟೆಂಪರ್ ಖಾಯಿಲೆ ಬಂದಿತ್ತು. ಐದು ತಿಂಗಳ ಆಸುಪಾಸಿನಲ್ಲಿ ಒಂದಲ್ಲ, ಮೂರು ಸಲ ಮಲಗಿ ಎದ್ದಿದೆ. ಯಾರೋ ನೀರು ಕುಡಿಸಿ, ಬೆಚ್ಚಗಿಟ್ಟು, ವಾಂತಿ ಭೇದಿ ಒರೆಸಿ ನೋಡಿಕೊಳ್ಳದಿದ್ದರೆ ಅದು ಅಷ್ಟು ದಿನ ಬದುಕುವ ಸಾಧ್ಯತೆಯೇ ಇರಲಿಲ್ಲವಂತೆ.

ಇದನ್ನು ಓದಿದಾಗ ನನಗೆ ಮೊದಲು ಅನ್ನಿಸಿದ್ದು: ಹಾಗಾದರೆ ಹದಿನಾಲ್ಕು ಸಾವಿರ ವರ್ಷದ ಹಿಂದೆ ಒಬ್ಬರು ಆ ಮರಿಯನ್ನು ನೋಡಿ "ಇದಕ್ಕೆ ಹುಷಾರಿಲ್ಲ" ಅಂದುಕೊಂಡಿದ್ದಾರೆ. ಥರ್ಮಾಮೀಟರ್ ಇಲ್ಲ, ಎಕ್ಸ್-ರೇ ಇಲ್ಲ. ನಾಯಿ ಕೂತ ರೀತಿ, ಮಲಗಿದ ರೀತಿ, ಕಣ್ಣು, ಕಿವಿ, ಬಾಲ... ಅಷ್ಟೇ.

ಹಾಗಾದರೆ ಇಷ್ಟು ವರ್ಷ ಜೊತೆಗಿದ್ದು ನಾವು ನಾಯಿಯ ಮೈಭಾಷೆಯಲ್ಲಿ ಪಂಡಿತರಾಗಿರಬೇಕಿತ್ತು ಅಲ್ವಾ? ಆಗಿಲ್ಲ. ಯಾಕೆ ಆಗಿಲ್ಲ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ ಕಥೆ ಇದು. ಸ್ವಲ್ಪ ಉದ್ದ ಇದೆ, ಕಾಫಿ ಜೊತೆ ಓದಿ :)

ಬೇಟೆಗಾರ ನೋಡಿದ ನಾಯಿ

ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನ್ ಬೇಟೆಯ ಬಗ್ಗೆ ಒಂದು ಪುಸ್ತಕ ಬರೆದಿದ್ದಾನೆ. ಮೊಲದ ವಾಸನೆ ಸಿಕ್ಕಾಗ ಯಾವ ನಾಯಿ ಕಿವಿ ಮಾತ್ರ ಅಲ್ಲಾಡಿಸುತ್ತೆ, ಯಾವುದು ಕಿವಿ ಸುಮ್ಮನಿಟ್ಟು ಬಾಲದ ತುದಿ ಆಡಿಸುತ್ತೆ ಅನ್ನುವಷ್ಟು ಸೂಕ್ಷ್ಮವಾಗಿ ನೋಡಿದ್ದಾನೆ ಪುಣ್ಯಾತ್ಮ. ಆದರೆ ಅವನಿಗೆ ಬೇಕಿದ್ದದ್ದು ಮೊಲ. ನಾಯಿ ಏನು ಅನುಭವಿಸುತ್ತಿದೆ ಅನ್ನುವುದಲ್ಲ, ಮೊಲ ಎಲ್ಲಿದೆ ಅನ್ನುವುದು ಪ್ರಶ್ನೆ.

ನಮ್ಮ ಮಹಾಭಾರತದ ಕಡೆ ಬಂದರೆ, ಕೊನೆಯಲ್ಲಿ ಧರ್ಮರಾಯನ ಹಿಂದೆ ಹೋಗುವ ನಾಯಿ ಎಲ್ಲರಿಗೂ ಗೊತ್ತು. ಶುರುವಿನಲ್ಲೇ, ಆದಿಪರ್ವದಲ್ಲಿ ಇನ್ನೊಂದು ನಾಯಿ ಇದೆ, ಅದು ಅಷ್ಟಾಗಿ ಯಾರಿಗೂ ನೆನಪಿರೋದಿಲ್ಲ. ಜನಮೇಜಯನ ಯಜ್ಞಶಾಲೆಗೆ ಬಂದ ಮರಿಯೊಂದನ್ನು ಅವನ ತಮ್ಮಂದಿರು ಹೊಡೆದು ಓಡಿಸುತ್ತಾರೆ. ಅದು ಅಳುತ್ತಾ ತಾಯಿ ಸರಮೆಯ ಹತ್ತಿರ ಹೋಗುತ್ತೆ. ನೀನು ಏನೋ ತಪ್ಪು ಮಾಡಿರಬೇಕು ಅಂತ ತಾಯಿಯೇ ಕೇಳುತ್ತಾಳೆ. ಇಲ್ಲಮ್ಮ, ನಾನು ಹವಿಸ್ಸಿನ ಕಡೆ ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಅನ್ನುತ್ತೆ ಮರಿ. ಸರಮೆ ನೇರವಾಗಿ ಹೋಗಿ ರಾಜನನ್ನು ಕೇಳುತ್ತಾಳೆ. ಉತ್ತರ ಬರುವುದಿಲ್ಲ. ಹೊಡೆಸಿಕೊಂಡ ನಾಯಿ ಏನೋ ಮಾಡಿರಲೇಬೇಕು ಅನ್ನುವ ಈ ಊಹೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ನ್ಯೂಯಾರ್ಕಿನಲ್ಲಿ ಮತ್ತೆ ಸಿಗುತ್ತೆ.

ಡಾರ್ವಿನ್ ಮತ್ತು ಜೋಲುಮುಖದ ನಾಯಿ

ನಾಯಿಯ ಮೈಭಾಷೆಯನ್ನು ವಿಜ್ಞಾನದ ಪ್ರಶ್ನೆಯಾಗಿ ಎತ್ತಿದವನು ಚಾರ್ಲ್ಸ್ ಡಾರ್ವಿನ್. 1872ರಲ್ಲಿ ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಬರೆದ. ಅದರಲ್ಲಿ ಎರಡು ಚಿತ್ರಗಳಿವೆ. ಒಂದರಲ್ಲಿ ಜಗಳಕ್ಕೆ ಬರುತ್ತಿರುವ ನಾಯಿ: ಕಾಲು ಸೆಟೆದಿದೆ, ತಲೆ ಸ್ವಲ್ಪ ಮೇಲೆ, ಬಾಲ ನೆಟ್ಟಗೆ, ಕೂದಲು ನಿಮಿರಿದೆ. ಇನ್ನೊಂದರಲ್ಲಿ ಅದೇ ಥರದ ನಾಯಿ ಯಜಮಾನನ ಗುರುತು ಸಿಕ್ಕಾಗ: ಮೈ ತಗ್ಗಿದೆ, ಬಳುಕುತ್ತಿದೆ, ಕಿವಿ ಹಿಂದೆ ಹೋಗಿದೆ, ಬಾಲ ಆಡುತ್ತಿದೆ. ಎರಡನ್ನೂ ಪಕ್ಕದಲ್ಲಿಟ್ಟು ಡಾರ್ವಿನ್ ಹೇಳಿದ್ದು: ಎರಡನೇ ಭಂಗಿಯಿಂದ ನಾಯಿಗೆ ನೇರವಾದ ಉಪಯೋಗ ಏನೂ ಇಲ್ಲ. ಅದು ಮೊದಲನೆಯದರ ತದ್ವಿರುದ್ಧ, ಅದಕ್ಕೇ ಹಾಗಿದೆ. ಜಗಳಕ್ಕಲ್ಲ ಅಂತ ಹೇಳಬೇಕಾದರೆ ಜಗಳದ ಭಂಗಿಯ ಪ್ರತಿಯೊಂದನ್ನೂ ಉಲ್ಟಾ ಮಾಡು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಎಲ್ಲಾ ಬಿಟ್‌ಗಳನ್ನೂ ತಿರುಗಿಸಿದ ಹಾಗೆ!

ಡಾರ್ವಿನ್ ಬಳಿ ಒಂದು ದೊಡ್ಡ ನಾಯಿ ಇತ್ತಂತೆ. ವಾಕಿಂಗ್ ಅಂದರೆ ಅದಕ್ಕೆ ಪ್ರಾಣ. ಆದರೆ ದಾರಿಯಲ್ಲಿ ಗಾಜಿನ ಗಿಡಮನೆಗೆ ತಿರುಗುವ ಕವಲೊಂದಿತ್ತು. ಡಾರ್ವಿನ್ ತನ್ನ ಪ್ರಯೋಗದ ಗಿಡ ನೋಡಲು ಆ ಕಡೆ ತಿರುಗಿದ ಕೂಡಲೇ ನಾಯಿಯ ತಲೆ ಜೋತುಬಿದ್ದು, ಮೈ ಕುಗ್ಗಿ, ಕಿವಿ ಬಾಲ ಎರಡೂ ಇಳಿದುಹೋಗುತ್ತಿದ್ದವು. ಮನೆಯವರೆಲ್ಲಾ ಅದಕ್ಕೆ 'ಹಾಟ್‌ಹೌಸ್ ಮುಖ' ಅಂತ ಹೆಸರಿಟ್ಟಿದ್ದರು. ವಿಕಾಸವಾದದ ಪಿತಾಮಹನ ಪುಸ್ತಕದಲ್ಲಿ ಇದು ಒಂದು ಪುರಾವೆಯಾಗಿ ಬಂದಿದೆ ಅನ್ನೋದೇ ನನಗೆ ಖುಷಿ. ನೋಡೋದಕ್ಕೆ ಪ್ರಯೋಗಶಾಲೆ ಬೇಕಿರಲಿಲ್ಲ, ಪುರುಸೊತ್ತು ಬೇಕಿತ್ತು.

ವೃತ್ತವೋ, ದೀರ್ಘವೃತ್ತವೋ?

ಆಮೇಲೆ ಪ್ರಯೋಗಶಾಲೆ ಬಂತು. ಪಾವ್ಲೋವ್ ಅಂದರೆ ನಮಗೆಲ್ಲಾ ಸ್ಕೂಲಿನಲ್ಲಿ ಓದಿದ ಗಂಟೆ ಮತ್ತು ಜೊಲ್ಲು. ಅವನಿಗೆ 1904ರಲ್ಲಿ ನೊಬೆಲ್ ಬಂದಿದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ನಮ್ಮ ಕಥೆಗೆ ಬೇಕಾದ ಭಾಗ ಅದಾದ ಮೇಲಿನದು. 1914ರ ಸುಮಾರಿಗೆ ಅವನ ಪ್ರಯೋಗಶಾಲೆಯಲ್ಲಿ ಶೆಂಗರ್-ಕ್ರೆಸ್ತೋವ್ನಿಕೋವಾ ಎಂಬ ಸಂಶೋಧಕಿ ಒಂದು ನಾಯಿಗೆ ಪಾಠ ಹೇಳಿಕೊಟ್ಟರು: ವೃತ್ತ ಕಂಡರೆ ಊಟ ಬರುತ್ತೆ, ದೀರ್ಘವೃತ್ತ ಕಂಡರೆ ಬರಲ್ಲ. ನಾಯಿ ಬೇಗ ಕಲಿತುಬಿಟ್ಟಿತು. ಆಮೇಲೆ ದೀರ್ಘವೃತ್ತವನ್ನು ಸ್ವಲ್ಪಸ್ವಲ್ಪವೇ ಉರುಟು ಮಾಡುತ್ತಾ ಬಂದರು. ಎರಡು ಅಕ್ಷಗಳ ಅನುಪಾತ 9:8 ಆದಾಗ ನಾಯಿಗೆ ಯಾವುದು ಯಾವುದೆಂದೇ ತಿಳಿಯದಾಯಿತು. ಮೂರು ವಾರ ಹಾಗೇ ಮುಂದುವರಿಸಿದರು. ಅಲ್ಲಿಯವರೆಗೆ ಶಾಂತವಾಗಿ ನಿಲ್ಲುತ್ತಿದ್ದ ನಾಯಿ ಕುಂಯ್‌ಗುಡತೊಡಗಿತು, ಒದ್ದಾಡಿತು, ಮೈಗೆ ಕಟ್ಟಿದ್ದ ಉಪಕರಣವನ್ನು ಹಲ್ಲಿನಿಂದ ಕಿತ್ತಿತು, ಆ ಕೋಣೆಗೆ ಕರೆತಂದರೇ ಬೊಗಳತೊಡಗಿತು. ಸುಲಭದ ಆಕಾರಗಳನ್ನು ಗುರುತಿಸುವುದೂ ಮರೆತುಹೋಯಿತು.

ಯಾರೂ ಹೊಡೆದಿರಲಿಲ್ಲ. ನಿಯಮ ಅರ್ಥವಾಗದೇ ಹೋದದ್ದೇ ಸಾಕಾಯಿತು. ನಮ್ಮ ಮನೆಗಳಲ್ಲಿ ಸೋಫಾ ಮೇಲೆ ಹತ್ತಿದರೆ ಅಪ್ಪ ಬೈಯುತ್ತಾರೆ, ಮಗಳು ಮುದ್ದು ಮಾಡುತ್ತಾಳೆ, ಅಜ್ಜಿ ಬಿಸ್ಕತ್ತು ಕೊಡುತ್ತಾರೆ. ನಾಯಿಗೆ ಅದು 9:8 ಅಲ್ಲದೆ ಮತ್ತೇನು?

1924ರ ಸೆಪ್ಟೆಂಬರ್ 23ರಂದು ಲೆನಿನ್‌ಗ್ರಾಡ್‌ಗೆ ಭಾರಿ ಪ್ರವಾಹ ಬಂತು. ನಾಯಿಗಳಿದ್ದ ಮನೆಗೆ ನೀರು ನುಗ್ಗಿ, ಅವು ಮೂತಿ ಮಾತ್ರ ನೀರಿನಿಂದ ಮೇಲಿಟ್ಟು ಈಜುತ್ತಿದ್ದವು. ಬಾಗಿಲಿನ ಮೂಲಕ ಹೊರತರಬೇಕಾದರೆ ತಲೆಯನ್ನು ನೀರಿನೊಳಗೆ ಮುಳುಗಿಸಿಯೇ ತರಬೇಕಿತ್ತು. ಬದುಕಿದವು. ಆದರೆ ಕೆಲವು ನಾಯಿಗಳು ಕಲಿತದ್ದನ್ನು ಕಳೆದುಕೊಂಡಿದ್ದವು. ವಾರಗಟ್ಟಲೆ ಆದಮೇಲೆ ಒಂದು ನಾಯಿ ಚೇತರಿಸಿಕೊಂಡಿತು. ಆಗ ಬಾಗಿಲ ಕೆಳಗಿನಿಂದ ಸ್ವಲ್ಪವೇ ನೀರು ಹರಿಸಿ ನೋಡಿದರು. ನಾಯಿ ಜಿಗಿದೆದ್ದು ನೆಲವನ್ನೇ ದಿಟ್ಟಿಸುತ್ತಾ ಏದುಸಿರು ಬಿಟ್ಟಿತು. ಕಲಿತದ್ದೆಲ್ಲಾ ಮತ್ತೆ ಹೋಯಿತು. ಭಯ ಅಳಿಸಿಹೋಗಿರಲಿಲ್ಲ, ಒಳಗೆಲ್ಲೋ ಕೂತಿತ್ತು.

ಬೇಲಿಯೊಳಗಿನ ತೋಳಗಳು ಮಾಡಿದ ಅನಾಹುತ

ಈ ಇತಿಹಾಸದ ಅತಿ ದೊಡ್ಡ ತಪ್ಪು ತಿರುವು ಇಲ್ಲಿದೆ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ವರ್ಷಗಟ್ಟಲೆ ನೋಡಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಬಾಲದ ಎತ್ತರ, ಕಿವಿ, ತುಟಿ, ಎಲ್ಲದರ ಅದ್ಭುತ ವಿವರ ಅದರಲ್ಲಿದೆ. ಜೊತೆಗೆ ಗುಂಪಿನಲ್ಲಿ ಮೇಲಿನ ಸ್ಥಾನಕ್ಕೆ ಸದಾ ಪೈಪೋಟಿ ನಡೆಯುತ್ತೆ, ಗೆದ್ದದ್ದು 'ಆಲ್ಫಾ' ಅನ್ನುವ ಮಾತೂ ಇತ್ತು. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ಬರೆದ ತೋಳಗಳ ಪುಸ್ತಕದಿಂದ ಆ ಮಾತು ಇನ್ನಷ್ಟು ಪ್ರಸಿದ್ಧವಾಯಿತು.

ಬೇರೆಬೇರೆ ಕಡೆಯ ತೋಳಗಳನ್ನು ತಂದು ಒಂದು ಬೇಲಿಯೊಳಗೆ ಕೂಡಿಹಾಕಿದರೆ ಅವು ಜಗಳವಾಡದೆ ಇನ್ನೇನು ಮಾಡುತ್ತವೆ ಹೇಳಿ? ಕಾಡಿನಲ್ಲಿ ಸಾಮಾನ್ಯವಾಗಿ ತೋಳದ ಗುಂಪು ಅಂದರೆ ಒಂದು ಸಂಸಾರ. ಅಪ್ಪ, ಅಮ್ಮ, ಮಕ್ಕಳು. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಹತ್ತಾರು ಬೇಸಿಗೆ ಕಾಡು ತೋಳಗಳ ಜೊತೆ ಕಳೆದ ಮೇಲೆ 1999ರಲ್ಲಿ ಮೆಕ್ ಸ್ವತಃ ಬರೆದರು, ಆಲ್ಫಾ ಅನ್ನುವುದು ಇಲ್ಲಿಗೆ ಸರಿಯಾದ ಪದವಲ್ಲ, ಅವು ಬರೀ ಅಪ್ಪ ಅಮ್ಮ ಅಂತ. ತಮ್ಮದೇ ಹಳೇ ಪುಸ್ತಕ ಅಚ್ಚು ಹಾಕುವುದನ್ನು ನಿಲ್ಲಿಸಿ ಅಂತ ಪ್ರಕಾಶಕರನ್ನು ವರ್ಷಗಟ್ಟಲೆ ಕೇಳಿಕೊಂಡರು. ಕೊನೆಗೆ ಅದು ನಿಂತಿದ್ದು 2022ರಲ್ಲಿ.

ಅಷ್ಟರಲ್ಲಿ ಆ ಮಾತು ಮನೆಮನೆಯ ನಾಯಿಯ ಬೆನ್ನ ಮೇಲೆ ಬಿದ್ದಾಗಿತ್ತು. ನಾಯಿ ಗುರ್ ಅಂದರೆ ಅದು ನಿಮ್ಮ ಮೇಲೆ ಸವಾರಿ ಮಾಡಲು ನೋಡುತ್ತಿದೆ, ಅಂಗಾತ ಕೆಡವಿ ಅದುಮಿ ಹಿಡಿಯಿರಿ ಅನ್ನುವ ತರಬೇತಿ ಬಂತು. ಅಮೆರಿಕದ ನ್ಯೂ ಸ್ಕೀಟ್ ಮಠದ ಸನ್ಯಾಸಿಗಳು 1978ರಲ್ಲಿ ಬರೆದ ಜನಪ್ರಿಯ ಪುಸ್ತಕದಲ್ಲಿ ಈ ಉಪಾಯ ಇತ್ತು. ನಂತರ ಅವರೇ ಅದನ್ನು ಬೇಡ ಅಂದರು. ಆದರೆ ಪುಸ್ತಕದಿಂದ ತೆಗೆದಷ್ಟು ಸುಲಭವಾಗಿ ಜನರ ತಲೆಯಿಂದ ತೆಗೆಯಲಾಗುತ್ತಾ?

ಇದೇ ಶೆಂಕೆಲ್ 1967ರಲ್ಲಿ ಇನ್ನೊಂದು ಒಳ್ಳೆಯ ಪ್ರಬಂಧ ಬರೆದ. ನಾಯಿ ತಾನಾಗಿ ಅಂಗಾತ ಬಿದ್ದು ಹೊಟ್ಟೆ ತೋರಿಸುವುದು ಮರಿಯಾಗಿದ್ದಾಗ ತಾಯಿ ಮಗ್ಗುಲಾಗಿಸಿ ನೆಕ್ಕುತ್ತಿದ್ದ ದಿನಗಳ ನೆನಪಿನ ಭಂಗಿ ಅಂದ. ಅದು ನಾಯಿ ತಾನಾಗಿ ಕೊಡುವಂಥದ್ದು. ನಾವು ಕುತ್ತಿಗೆ ಹಿಡಿದು ಕೆಡವಿದರೆ ಹೊರಗಿನ ಆಕಾರ ಒಂದೇ, ಒಳಗಿನ ಅರ್ಥ ಬೇರೆ.

ಸುಮ್ಮನಿರುವ ನಾಯಿ

ಅದೇ 1967ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳಿಗೆ ವಿದ್ಯುತ್ ಶಾಕ್ ಕೊಡುವ ಪ್ರಯೋಗ ಮಾಡಿದರು. ಕೆಲವು ನಾಯಿಗಳಿಗೆ ಅದನ್ನು ನಿಲ್ಲಿಸುವ ಉಪಾಯ ಇತ್ತು, ಕೆಲವಕ್ಕೆ ಇರಲಿಲ್ಲ. ಆಮೇಲೆ ಎಲ್ಲವನ್ನೂ ಸುಲಭವಾಗಿ ತಪ್ಪಿಸಿಕೊಳ್ಳಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರು, ಒಂದು ಸಣ್ಣ ಅಡ್ಡಗೋಡೆ ಹಾರಿದರೆ ಸಾಕು. ಉಪಾಯವೇ ಇರದಿದ್ದ ಗುಂಪಿನ ಹೆಚ್ಚಿನವು ಹಾರಲೇ ಇಲ್ಲ. ಕುಂಯ್‌ಗುಡುತ್ತಾ ಬಿದ್ದುಕೊಂಡವು. ಮನುಷ್ಯರ ಖಿನ್ನತೆಯ ಬಗ್ಗೆ ಇದರಿಂದ ಬಹಳ ಚರ್ಚೆಯಾಯಿತು. 2016ರಲ್ಲಿ ಇಬ್ಬರೂ ತಮ್ಮ ಸಿದ್ಧಾಂತವನ್ನು ತಿದ್ದಿಕೊಂಡರು: ಅಸಹಾಯಕತೆ ಕಲಿಯುವಂಥದ್ದಲ್ಲ, ದೀರ್ಘ ಕಷ್ಟಕ್ಕೆ ಮಿದುಳಿನ ಸಹಜ ಉತ್ತರವೇ ಅದು, ಕಲಿಯಬೇಕಾದದ್ದು ಪರಿಸ್ಥಿತಿ ನನ್ನ ಹಿಡಿತದಲ್ಲಿದೆ ಅನ್ನುವುದನ್ನು.

ನನಗೆ ಬೇಕಾದ ಪಾಠ ಚಿಕ್ಕದು. ಅಲ್ಲಾಡದೆ ಬಿದ್ದಿರುವ ನಾಯಿ ಶಾಂತವಾಗಿದೆ ಅಂತ ಅರ್ಥ ಅಲ್ಲ. "ನಾಲ್ಕು ಬಿಟ್ಟೆ, ಈಗ ಎಷ್ಟು ಸುಮ್ಮನಿದೆ ನೋಡಿ" ಅನ್ನುವವರನ್ನು ನೀವೂ ನೋಡಿರುತ್ತೀರಿ.

ನಮ್ಮ ಅಪಾರ್ಟ್‌ಮೆಂಟಿನ ಒಂದು ಮೀಟಿಂಗು

ಇದೆಲ್ಲಾ ನಾನು ಹುಡುಕಿ ಓದತೊಡಗಿದ್ದಕ್ಕೆ ಕಾರಣ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಲ್ಯಾಬ್ರಡಾರ್. ಒಂಬತ್ತು ವರ್ಷದ ಮುದುಕ, ಮಕ್ಕಳಿಗೆಲ್ಲಾ ದಿಂಬು. ಇದ್ದಕ್ಕಿದ್ದ ಹಾಗೆ ಒಂದು ತಿಂಗಳಿಂದ ಬೆನ್ನ ಮೇಲೆ ಕೈಯಿಟ್ಟರೆ ಗುರ್ ಅನ್ನತೊಡಗಿತು. ಒಂದು ಸಂಜೆ ತಬ್ಬಿಕೊಳ್ಳಲು ಹೋದ ಹುಡುಗನ ಕಡೆ ಬಾಯಿ ಹಾಕಿತು. ಹಲ್ಲು ತಾಗಲಿಲ್ಲ. ಭಾನುವಾರ ಮೀಟಿಂಗು ಕರೆದರು.

"ಮೇಡಂ, ನಾಳೆ ಮಗುವಿಗೆ ಕಚ್ಚಿದರೆ ಯಾರು ಜವಾಬ್ದಾರಿ?" ಅಂತ ಒಬ್ಬರು. "ವಯಸ್ಸಾದ ಮೇಲೆ ಹುಚ್ಚು ಹಿಡಿಯುತ್ತೆ ರೀ, ಊರಾಚೆ ಬಿಟ್ಟು ಬನ್ನಿ" ಅಂತ ಇನ್ನೊಬ್ಬರು. ಹುಡುಗನ ತಾಯಿಯ ಮುಖದಲ್ಲಿದ್ದ ಭಯ ಸುಳ್ಳಲ್ಲ, ಅವರನ್ನು ತಪ್ಪು ಅನ್ನಲಾರೆ. ನಾಯಿಯ ಆಂಟಿ ಮಾತಾಡಲಿಲ್ಲ. ಕೊನೆಗೆ ಇಷ್ಟೇ ಹೇಳಿದರು: "ಅವನು ಒಂದು ತಿಂಗಳಿಂದ ಮೆಟ್ಟಿಲು ಹತ್ತುತ್ತಿಲ್ಲ. ಲಿಫ್ಟಿಗೇ ಕಾಯ್ತಾನೆ. ಒಂದು ವಾರ ಟೈಮ್ ಕೊಡಿ, ಡಾಕ್ಟ್ರಿಗೆ ತೋರಿಸ್ತೀನಿ." ಎಕ್ಸ್-ರೇಯಲ್ಲಿ ಎರಡೂ ಸೊಂಟದ ಕೀಲು ಸವೆದಿದ್ದು ಕಂಡಿತು. ನೋವಿನ ಔಷಧಿ ಶುರುವಾಯಿತು, ನೆಲಕ್ಕೆ ಜಾರದ ಮ್ಯಾಟು ಬಂತು, ಮಕ್ಕಳಿಗೆ ಬೆನ್ನು ಮುಟ್ಟಬೇಡಿ ಅಂತ ಹೇಳಿದ್ದಾಯಿತು. ಗುರ್ ನಿಂತಿತು. ಅದು ಹುಚ್ಚೂ ಅಲ್ಲ, ಸೊಕ್ಕೂ ಅಲ್ಲ, ಸೊಂಟನೋವು. ಆ ಒಂದು ವಾರ ಸಿಗದೇ ಹೋಗಿದ್ದರೆ?

ಇದು ಬರೀ ನಮ್ಮ ಬಿಲ್ಡಿಂಗಿನ ಕಥೆಯಲ್ಲ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಬ್ರೆಜಿಲ್‌ನ ಸಂಶೋಧಕರು 2018ರಲ್ಲಿ ಶಬ್ದಕ್ಕೆ ಹೆದರುವ 20 ನಾಯಿಗಳ ವಿವರ ಹೋಲಿಸಿದರು. ಹತ್ತಕ್ಕೆ ಮೂಳೆ ಸ್ನಾಯುಗಳ ನೋವಿತ್ತು, ಹತ್ತಕ್ಕೆ ಇರಲಿಲ್ಲ. ನೋವಿದ್ದ ನಾಯಿಗಳಲ್ಲಿ ಶಬ್ದದ ಭಯ ಸರಾಸರಿ ನಾಲ್ಕು ವರ್ಷದಷ್ಟು ತಡವಾಗಿ ಶುರುವಾಗಿತ್ತು. ಢಮ್ ಅಂದಾಗ ಬೆಚ್ಚಿ ಮೈ ಬಿಗಿಯುತ್ತೆ, ಬಿಗಿದಾಗ ನೋಯುತ್ತೆ, ಆಮೇಲೆ ಶಬ್ದ ಅಂದರೇ ನೋವು ಅಂತ ನಾಯಿ ಗಂಟು ಹಾಕಿಕೊಳ್ಳುತ್ತೆ ಅನ್ನುವುದು ಅವರ ವಿವರಣೆ. ವಯಸ್ಸಾದ ನಾಯಿ ಹೊಸದಾಗಿ ಪಟಾಕಿಗೆ ಹೆದರತೊಡಗಿದರೆ ಅದರ ಕೀಲುಗಳನ್ನೂ ನೋಡಿಸಿ ಅನ್ನುವುದು ಇದರ ಸಾರಾಂಶ. ಆರೋಗ್ಯ ಬೇರೆ, ಆತಂಕ ಬೇರೆ ಅಂತ ನಾವು ಎರಡು ಫೋಲ್ಡರ್ ಮಾಡಿಟ್ಟಿದ್ದೇವೆ, ನಾಯಿಯ ಮೈಯಲ್ಲಿ ಅದು ಒಂದೇ ಫೋಲ್ಡರು.

ನೋವನ್ನು ಅಳೆಯುವುದಕ್ಕೂ ಮೈಭಾಷೆಯೇ ಅಳತೆಗೋಲಾಯಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದವರು 2001ರಲ್ಲಿ ಒಂದು ಮಾಪನ ತಂದರು, 2007ರಲ್ಲಿ ಅದರ ಚಿಕ್ಕ ರೂಪ ಬಂತು. ನಾಯಿ ನರಳುತ್ತಿದೆಯೇ, ಗಾಯವನ್ನು ನೆಕ್ಕುತ್ತಿದೆಯೇ, ಎದ್ದಾಗ ಕುಂಟುತ್ತಿದೆಯೇ, ಮುಟ್ಟಿದಾಗ ಏನು ಮಾಡುತ್ತೆ, ಮೈ ಬಿಗಿಹಿಡಿದಿದೆಯೇ... ಇಂಥ ಪ್ರಶ್ನೆಗಳಿಗೆ ಅಂಕ ಕೊಟ್ಟು ಕೂಡುವುದು. 24ಕ್ಕೆ 6 ದಾಟಿದರೆ ನೋವಿನ ಔಷಧಿ ಬೇಕೇ ಅಂತ ಯೋಚಿಸಬೇಕು. ಒಬರ್‌ಕಾಸೆಲ್‌ನ ಆ ಅಜ್ಞಾತ ವ್ಯಕ್ತಿ ಕಣ್ಣಳತೆಯಲ್ಲಿ ಮಾಡಿದ್ದನ್ನೇ ಇವರು ಕಾಗದದ ಮೇಲೆ ತಂದರು.

ತಪ್ಪಿತಸ್ಥ ಮುಖ

ಈಗ ಸರಮೆಯ ಮರಿಗೆ ಬರೋಣ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ 14 ನಾಯಿಗಳ ಮೇಲೆ ಒಂದು ಚಂದದ ಪ್ರಯೋಗ ಪ್ರಕಟಿಸಿದರು. ಯಜಮಾನ ತಿನ್ನಬೇಡ ಅಂತ ಹೇಳಿ ಹೊರಗೆ ಹೋಗುತ್ತಾನೆ. ಕೆಲವು ಸಲ ನಾಯಿ ತಿನ್ನುತ್ತೆ, ಕೆಲವು ಸಲ ಇಲ್ಲ. ಒಳಗೆ ಬಂದಾಗ ಯಜಮಾನನಿಗೆ ಕೆಲವೊಮ್ಮೆ ಸುಳ್ಳೇ ಹೇಳಲಾಗುತ್ತೆ. ಆ ತಲೆತಗ್ಗಿಸಿದ, ಕಣ್ಣು ತಪ್ಪಿಸುವ, ಬಾಲ ಮುದುರುವ ಮುಖ ಬಂದಿದ್ದು ತಿಂದಿದ್ದಕ್ಕಲ್ಲ, ಬೈದಿದ್ದಕ್ಕೆ! ತಿನ್ನದೆಯೇ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಹೆಚ್ಚಾಗಿ ಕಂಡಿತು. "ನೋಡಿ, ಮುಖದಲ್ಲೇ ಗೊತ್ತಾಗುತ್ತೆ ತಪ್ಪು ಮಾಡಿದೆ ಅಂತ" ಅಂದಾಗ ನಾವು ನೋಡುತ್ತಿರುವುದು ನಮ್ಮದೇ ಸಿಟ್ಟಿನ ಪ್ರತಿಬಿಂಬ.

ಬಾಲ ಆಡಿಸಿದರೆ ಖುಷಿ ಅನ್ನುವುದೂ ಅಷ್ಟು ಸರಳ ಅಲ್ಲ. 2007ರಲ್ಲಿ ಇಟಲಿಯ ಕ್ವಾರಂಟಾ, ಸಿನಿಸ್ಕಾಲ್ಕಿ, ವಲ್ಲೋರ್ತಿಗಾರಾ 30 ನಾಯಿಗಳ ವೀಡಿಯೋ ಅಳೆದು ನೋಡಿದರು. ಯಜಮಾನನನ್ನು ಕಂಡಾಗ ಬಾಲ ನಾಯಿಯ ಬಲಕ್ಕೆ ಹೆಚ್ಚು ವಾಲುತ್ತೆ, ಗುರುತಿಲ್ಲದ ಜೋರು ನಾಯಿಯನ್ನು ಕಂಡಾಗ ಎಡಕ್ಕೆ. 2013ರಲ್ಲಿ ಅದೇ ತಂಡದವರು ತೋರಿಸಿದ್ದು, ಎಡಕ್ಕೆ ಆಡುವ ಬಾಲ ನೋಡಿದ ನಾಯಿಗಳ ಎದೆಬಡಿತ ಏರುತ್ತೆ ಅಂತ. ನಮಗೆ ಕಾಣದ್ದು ಅವಕ್ಕೆ ಕಾಣುತ್ತೆ.

ನಮ್ಮ ದೇಶದ ಒಂದು ಉದಾಹರಣೆ ಹೇಳಲೇಬೇಕು. ಕೋಲ್ಕತ್ತಾದ ಐಸರ್ ಸಂಸ್ಥೆಯ ಅನಿಂದಿತಾ ಭದ್ರಾ ಮತ್ತು ತಂಡದವರು 160 ಬೀದಿನಾಯಿಗಳ ಮುಂದೆ ಎರಡು ಬಟ್ಟಲಿಟ್ಟು ಒಂದರ ಕಡೆ ಕೈ ತೋರಿಸಿದರು. 2020ರಲ್ಲಿ ಅದು ಪ್ರಕಟವಾಯಿತು. ಹತ್ತಿರ ಬಂದವುಗಳಲ್ಲಿ ಸುಮಾರು ನೂರಕ್ಕೆ 80 ನಾಯಿಗಳು ಕೈ ತೋರಿಸಿದ ಬಟ್ಟಲಿಗೇ ಹೋದವು. ಯಾರೂ ತರಬೇತಿ ಕೊಟ್ಟಿಲ್ಲ! ಆದರೆ ಸುಮಾರು ಅರ್ಧದಷ್ಟು ನಾಯಿಗಳು ಹತ್ತಿರವೇ ಬರಲಿಲ್ಲ. ಅವು ಆತಂಕದಲ್ಲಿದ್ದವು. ಬೀದಿಯಲ್ಲಿ ಕಲ್ಲು ತಿಂದ ನಾಯಿಗೆ ಚಾಚಿದ ಕೈ ಬಟ್ಟಲು ತೋರಿಸುತ್ತಿದೆಯೋ ಕಲ್ಲಿಗೆ ಬಾಗುತ್ತಿದೆಯೋ ಅನ್ನುವುದು ಪ್ರಾಣದ ಪ್ರಶ್ನೆ. ಅವು ನಮ್ಮ ಮೈಭಾಷೆಯನ್ನು ದಿನವೂ ಓದುತ್ತಿವೆ, ಓದದಿದ್ದರೆ ಉಳಿಯುವುದಿಲ್ಲ.

ಹಾಗಾದರೆ ಏನು ನೋಡಬೇಕು?

ಓದಿದ್ದರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಇಷ್ಟು:

- ನಿದ್ದೆಯಿಲ್ಲದೆ ಆಕಳಿಕೆ, ಊಟವಿಲ್ಲದೆ ತುಟಿ ನೆಕ್ಕುವುದು, ಸೆಕೆಯಿಲ್ಲದೆ ಏದುಸಿರು: ಸಂದರ್ಭಕ್ಕೆ ಹೊಂದದ ಕೆಲಸ ಕಂಡರೆ ಆತಂಕ ಇರಬಹುದು.
- ಮುಖ ಆ ಕಡೆ, ಕಣ್ಣು ಮಾತ್ರ ಈ ಕಡೆ, ಕಣ್ಣಿನ ಬಿಳಿ ಕಾಣುತ್ತಿದೆ ಅಂದರೆ ದೂರ ಬಿಡಿ. ಮಗು ತಬ್ಬಿಕೊಂಡ ಫೋಟೋಗಳಲ್ಲಿ ಇದನ್ನು ಹುಡುಕಿ ನೋಡಿ, ಎದೆ ಝಲ್ ಅನ್ನುತ್ತೆ.
- ಮುಂಗಾಲು ಕೆಳಗೆ, ಹಿಂಭಾಗ ಮೇಲೆ: ಎದುರಿಗೆ ಜೊತೆಗಾರ ಇದ್ದು ಮೈ ಸಡಿಲವಾಗಿದ್ದರೆ ಆಟಕ್ಕೆ ಆಹ್ವಾನ. ಒಬ್ಬಂಟಿಯಾಗಿ ಅದೇ ಭಂಗಿಯಲ್ಲಿ ಮತ್ತೆಮತ್ತೆ ನಿಂತರೆ ಹೊಟ್ಟೆನೋವು ಇರಬಹುದು, ಡಾಕ್ಟರಿಗೆ ತೋರಿಸಿ.
- ಮೆಟ್ಟಿಲು ಬೇಡ ಅನ್ನುವುದು, ಒಂದೇ ಜಾಗ ನೆಕ್ಕುತ್ತಲೇ ಇರುವುದು, ಬೆನ್ನು ಗೂನಾಗುವುದು: 'ವಯಸ್ಸಾಯ್ತು' ಅನ್ನುವ ಮೊದಲು ನೋವು ಅಂತ ಯೋಚಿಸಿ.
- ಗುರ್ ಅಂದದ್ದಕ್ಕೆ ಹೊಡೆಯಬೇಡಿ. ಅದು ಕಂಪೈಲರ್ ಕೊಡುವ ವಾರ್ನಿಂಗ್. ವಾರ್ನಿಂಗ್ ಆಫ್ ಮಾಡಿದರೆ ಬಗ್ ಹೋಗುವುದಿಲ್ಲ, ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತೆ.

ಎಲ್ಲಕ್ಕಿಂತ ಮುಖ್ಯ, ಒಂದೇ ಅಂಗವನ್ನು ನೋಡಿ ತೀರ್ಪು ಬೇಡ. ಬಾಲ, ಕಿವಿ, ಬಾಯಿ, ಮೈಯ ಭಾರ ಮುಂದಿದೆಯೋ ಹಿಂದಿದೆಯೋ, ಎದುರಿಗೆ ಯಾರಿದ್ದಾರೆ, ಎಲ್ಲ ಕೂಡಿ ಒಂದು ವಾಕ್ಯ. ಒಂದು ಅಕ್ಷರ ಓದಿ ಅರ್ಥ ಹೇಳಿದರೆ ನಮ್ಮ ಮೇಷ್ಟ್ರು ಒಪ್ಪುತ್ತಿದ್ದರಾ?

ದೀಪಾವಳಿ ಬಂದಾಗ ನಿಮ್ಮ ಬೀದಿಯ ನಾಯಿ ಯಾವ ಕಾರಿನ ಕೆಳಗೆ ಸೇರಿಕೊಳ್ಳುತ್ತೆ ಅಂತ ಒಮ್ಮೆ ನೋಡಿ. ಮಕ್ಕಳಿಗೂ ತೋರಿಸಿ, "ಅದು ಯಾಕೆ ನಡುಗ್ತಿದೆ ಹೇಳು" ಅಂತ ಕೇಳಿ. ನಿಮ್ಮ ಮನೆಯ ನಾಯಿಗೂ ಒಂದು 'ಹಾಟ್‌ಹೌಸ್ ಮುಖ' ಇದ್ದೇ ಇರುತ್ತೆ. ಅದಕ್ಕೆ ನೀವಿಟ್ಟ ಹೆಸರೇನು? ಬರೆದು ತಿಳಿಸಿ, ಕಾಯ್ತಿರ್ತೀನಿ.